ನಿನ್ನ ವರ್ಷದ ನೀರು

ಜೂನ್ 4

ಹಲ್ಲಮ್ಮನಿಗೆ,

ಲಕೋಟೆಯೊಳಗೆ ಏನೋ ಗಟ್ಟಿಯಾಗಿ ತಾಗುತ್ತಿದೆ ಎಂದು ಗಾಬರಿಯಾಗಬೇಡ. ಪೆನ್‌ಡ್ರೈವ್ ಅದು. ಕೋರ್ಟಿಗೆ ಸಂಬಂಧಪಟ್ಟದ್ದಲ್ಲ, ನನ್ನ ಮಗ ಕಳಿಸಿದ್ದೂ ಅಲ್ಲ. ನಮ್ಮ ಕಂಪ್ಯೂಟರ್ ಆಟದ ಕೋಟೆ ಅದರಲ್ಲಿದೆ. ನನ್ನ ವರ್ಷ ಮುಗಿಯಿತು, ಈಗ ನಿನ್ನ ಸರದಿ.

ನೀನು ಮನೆ ಬಿಟ್ಟು ಹೋದೆ, ಸರಿ, ಅದು ನಿಮ್ಮಿಬ್ಬರ ವಿಷಯ. ಆದರೆ ಆಟದ ಲೆಕ್ಕದಲ್ಲಿ ಒಂದು ವರ್ಷ, ಅಂದರೆ ನಮ್ಮ ಕೆಲವು ದಿನ, ನಾನು, ಮುಂದಿನ ವರ್ಷ ನೀನು ಎಂದು ನಿಯಮ ಮಾಡಿದವಳು ನೀನೇ. ನಾನು ಕಾಲು ಮುರಿದುಕೊಂಡು ಮಲಗಿದ್ದಾಗ "ಸುಮ್ನೆ ಗೋಡೆ ನೋಡ್ಕೊಂಡು ಮಲಗೋ ಬದಲು ಗೋಡೆ ಕಟ್ಟಿ ಅತ್ತೆ" ಎಂದು ಕಂಪ್ಯೂಟರನ್ನು ಹಾಸಿಗೆಯ ಪಕ್ಕಕ್ಕೆ ಎಳೆದು ತಂದವಳೂ ನೀನೇ. ಈಗ ಗುಡ್ಡದ ಹೊಟ್ಟೆಯೊಳಗೆ ಅಷ್ಟೊಂದು ಜನ ಕುಳ್ಳರು ನಮ್ಮಿಬ್ಬರನ್ನೇ ನಂಬಿ ಕೂತಿದ್ದಾರೆ. ನಮ್ಮ ಮನೆಯ ಜಗಳ ಅವರಿಗೇನು ಗೊತ್ತು? ಅವರನ್ನು ನಡುನೀರಿನಲ್ಲಿ ಕೈಬಿಡುವುದು ಸರಿಯಲ್ಲ.

ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನವರ ಮಾತನ್ನೆಲ್ಲ ತುಂಬಿಸಿಕೊಂಡ ಕಿವಿ ಇದು, ಇನ್ನು ಅದರಲ್ಲಿ ಜಾಗವಿಲ್ಲ. ನೀನು ಹಲೋ ಎಂದರೆ ನನಗೆ ಆಲೂ ಎಂದು ಕೇಳುತ್ತದೆ. ಇಂಟರ್ನೆಟ್ಟಿನಲ್ಲಿ ಕಳಿಸುವುದು ನನಗೆ ಬರುವುದಿಲ್ಲ, ಮಗನನ್ನು ಕೇಳಲು ಮನಸ್ಸಿಲ್ಲ. ಅಂಚೆಯವನಿದ್ದಾನೆ, ಸಾಕು.

ಕೋಟೆ ಒಟ್ಟಾರೆ ಕ್ಷೇಮ. ಕೆಳಗೆ ಐದನೇ ಅಂತಸ್ತಿನಲ್ಲಿ ಆಸ್ಪತ್ರೆಯ ಹಿಂದಿನ ಗೋಡೆ ಮಾತ್ರ ಬೆವರುತ್ತಿದೆ. ಕಲ್ಲು ತೇವ, ಕಲ್ಲು ತೇವ ಎಂದು ಆಟ ಗೊಣಗುತ್ತಲೇ ಇರುತ್ತದೆ. ನೀನು ಹೇಳಿದ್ದಂತೆ ನೀರು ಬಸಿದು ಹೋಗಲು ಆಸ್ಪತ್ರೆಯ ನೆಲದಲ್ಲಿ ತೂತು ಕೊರೆಸಿ ಮುಚ್ಚಳ ಕೂರಿಸಿದ್ದೇನೆ. ನಾನೇ ಯೋಚಿಸಿ ಇನ್ನೊಂದು ಕೆಲಸವನ್ನೂ ಮಾಡಿದೆ. ರೋಗಿಗಳಿಗೆ ಒಳ್ಳೆಯ ನೀರು ಸಿಗಲಿ ಎಂದು ಗುಡ್ಡದ ಮೇಲಿನ ಹೊಳೆಯಿಂದ ಕಾಲುವೆ ತೋಡಿಸಿ, ತೂಬು ಇಟ್ಟು, ಆಸ್ಪತ್ರೆಯ ತೊಟ್ಟಿಗೆ ಇಳಿಸಿದ್ದೇನೆ. ತೊಟ್ಟಿ ತುಂಬಿದ ಮೇಲೆ ತೂಬು ಮುಚ್ಚಿಬಿಟ್ಟೆ. ಇವನ್ನೆಲ್ಲ ತೆರೆದು ಮುಚ್ಚುವ ಹಿಡಿಕೆಗಳನ್ನು ಕಾವಲು ಕೋಣೆಯಲ್ಲಿ ಸಾಲಾಗಿ ನಿಲ್ಲಿಸಿದ್ದೇನೆ, ನಮ್ಮ ಎಕ್ಸ್‌ಚೇಂಜಿನ ಬೋರ್ಡಿನ ಹಾಗೆ. ಒಂದೊಂದಕ್ಕೂ ಹೆಸರು ಬರೆದಿದ್ದೇನೆ. ನಮ್ಮ ಅಕ್ಷರ ಹಾಕಿದರೆ ಆಟ ಬರೀ ಚೌಕ ತೋರಿಸುತ್ತದೆ, ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲೇ ಬರೆದೆ.

ಊಟ ಬಿಟ್ಟು ಲ್ಯಾಬಿನಲ್ಲಿ ಹಲ್ಲು ಕಟ್ಟುತ್ತಾ ಕೂರಬೇಡ. ಊರಿನವರ ಬಾಯಿಗೆಲ್ಲ ಹಲ್ಲು ಕೊಟ್ಟು ನೀನು ಉಪವಾಸ ಬಿದ್ದರೆ ಏನು ಬಂತು?

ಇಂತಿ,
ನೀನು ಇನ್ನೂ ಹಾಗೆ ಕರೆಯುವುದಾದರೆ, ಅತ್ತೆ


ಜೂನ್ 25

ಮೇಲೆ ಏನು ಬರೆಯಬೇಕೋ ತಿಳಿಯದೆ ಜಾಗ ಬಿಟ್ಟಿದ್ದೇನೆ. ಅತ್ತೆ ಎನ್ನಲು ನನಗೆ ಇನ್ನು ಹಕ್ಕಿದೆಯೋ ಇಲ್ಲವೋ ಗೊತ್ತಿಲ್ಲ. ಆಂಟಿ ಎಂದರೆ ನೀವು ಚಪ್ಪಲಿ ಕೈಗೆ ತೆಗೆದುಕೊಳ್ಳುತ್ತೀರಿ. ಮಾನ್ಯರೇ ಎಂದರೆ ವಿದ್ಯುತ್ ಕಚೇರಿಗೆ ಬರೆದ ಹಾಗಾಗುತ್ತದೆ.

ನಾನು ಚೆನ್ನಾಗಿದ್ದೇನೆ. ಕೋಣೆ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮೇಲಿದೆ. ಬೆಳಗ್ಗೆ ಕೆಳಗೆ ಯಂತ್ರ ಶುರುವಾದರೆ ನನ್ನ ಪಾತ್ರೆಗಳೆಲ್ಲ ಶೆಲ್ಫಿನ ಅಂಚಿಗೆ ನಡೆದುಕೊಂಡು ಬರುತ್ತವೆ. ಸಂಜೆ ಬಂದು ಅವನ್ನೆಲ್ಲ ವಾಪಸ್ ಹಿಂದಕ್ಕೆ ತಳ್ಳುವುದು ನನ್ನ ಮೊದಲ ಕೆಲಸ. ಲ್ಯಾಬಿನಲ್ಲಿ ಮೇಣ, ಪ್ಲಾಸ್ಟರ್, ಯಾರದೋ ಬಾಯಿಯ ಅಚ್ಚು. ಮಾತಾಡಿಸುವವರು ಕಡಿಮೆ, ಅದು ಈಗ ನನಗೆ ಒಳ್ಳೆಯದೇ.

ಪೆನ್‌ಡ್ರೈವನ್ನು ಕೆಲವು ದಿನ ಮೇಜಿನ ಮೇಲಿಟ್ಟು ಸುಮ್ಮನೆ ನೋಡುತ್ತಿದ್ದೆ. ಕೊನೆಗೊಂದು ಭಾನುವಾರ ಹಾಕಿದೆ.

ಗೋಡೆ ನೀವು ಹೇಳಿದ್ದಕ್ಕಿಂತ ಹೆಚ್ಚೇ ಬೆವರುತ್ತಿತ್ತು. ಆಸ್ಪತ್ರೆಯ ನೆಲ ಒದ್ದೆಯಾಯಿತು, ಆದರೆ ಪಾದ ಮುಳುಗುವಷ್ಟೂ ಇರಲಿಲ್ಲ. ಬಸಿದು ಹೋಗಲಿ ಎಂದು ತೂತಿನ ಹಿಡಿಕೆ ಎಳೆಸಿದೆ. ಸ್ವಲ್ಪ ಹೊತ್ತಿಗೆ ನೀರು ಇಳಿಯುವ ಬದಲು ಮೊಣಕಾಲಿಗೆ ಬಂತು. ಗೋಡೆಯ ಕಲ್ಲನ್ನು ಉಜ್ಜಿಸಿ ನಯ ಮಾಡಿಸಿದೆ, ಒಸರುವುದು ನಿಂತಿತು. ಆದರೂ ನೀರು ಏರಿತು. ಇನ್ನೊಂದು ಗೋಡೆ ಕಟ್ಟಿಸಿದೆ. ನೀರು ಸೊಂಟಕ್ಕೆ ಬಂತು. ನೀರಿನ ಹಿಡಿಕೆಯನ್ನು ನಾನು ಮುಟ್ಟಿಯೇ ಇಲ್ಲ. ಎಳೆದ ತೂತಿನ ಹಿಡಿಕೆಯನ್ನು ಮತ್ತೆ ಎಳೆದರೆ ಮುಚ್ಚಿಹೋಗುತ್ತದಲ್ಲ, ಹಾಗಾಗಿ ಅದನ್ನೂ ಹಾಗೇ ಬಿಟ್ಟೆ. ನೀರು ಬಸಿಯುವ ತೂತು ತೆರೆದ ಮೇಲೆ ನೀರು ಏರುವುದು ಹೇಗೆ? ಎಷ್ಟು ತಲೆ ಕೆರೆದುಕೊಂಡರೂ ತಿಳಿಯುತ್ತಿಲ್ಲ.

ಇಬ್ಬರು ರೋಗಿಗಳು ಹಾಸಿಗೆಯಲ್ಲೇ ಮುಳುಗಿದರು. ಒಬ್ಬಳು ನಿಮ್ಮ ಮೆಚ್ಚಿನ ಉದ್ದ ಮೂಗಿನ ಅಕ್ಕಸಾಲಿ. ಹೇಳಲು ಬೇಸರ. ಉಳಿದವರನ್ನು ಮೇಲಿನ ಅಂತಸ್ತಿಗೆ ಸಾಗಿಸಿ ವರ್ಷ ಮುಗಿಸಿದ್ದೇನೆ.

ಅಂದಹಾಗೆ, ಕಲ್ಲಿನ ಕೋಣೆಯಲ್ಲಿ ಪೀಪಾಯಿಗಳನ್ನು ಯಾಕೆ ತುಂಬಿಸಿದ್ದಿರಿ? ಅವನ್ನೆಲ್ಲ ಹೊರಗೆ ಹಾಕಿಸಿ, ಹೆಸರಿಗೆ ತಕ್ಕಂತೆ ಕಲ್ಲು ತುಂಬಿಸಿದ್ದೇನೆ.

ಇಂತಿ,
ಹಲ್ಲಮ್ಮ


ಜುಲೈ 19

ಮೇಲೆ ಖಾಲಿ ಜಾಗ ಬಿಟ್ಟವಳಿಗೆ,

ಆ ಖಾಲಿ ಜಾಗವನ್ನು ನಾನು ಎರಡೆರಡು ಸಲ ಓದಿದೆ. ಅಷ್ಟು ಕಾಗದ ದಂಡ ಮಾಡುವುದಕ್ಕಿಂತ ಏನಾದರೂ ಗೀಚಿದ್ದರೆ ಆಗುತ್ತಿತ್ತು.

ಅಕ್ಕಸಾಲಿ ಹೋದದ್ದಕ್ಕೆ ನನಗೆ ನಿಜವಾಗಿ ದುಃಖವಾಯಿತು. ಊಟಕ್ಕೆ ಕೂತಾಗ ನೆನಪಾಗಿ ಕೈ ನಿಂತಿತು. ಏನಾಯ್ತು ಎಂದು ಮಗ ಸನ್ನೆ ಮಾಡಿ ಕೇಳಿದ. ಯಾರೋ ತೀರಿಕೊಂಡರು ಎಂದೆ. ಯಾರು ಎಂದ. ಬಿಡು, ನಿನಗೆ ಪರಿಚಯವಿಲ್ಲ ಎಂದೆ.

ಈಗ ಕೇಳು. ನನ್ನ ವರ್ಷ ಪೂರ್ತಿ ಒಣ. ಬಂದ ಕೂಡಲೇ ತೂತಿನ ಮುಚ್ಚಳ ತೆಗೆಸಿದೆ, ನಿಂತ ನೀರೆಲ್ಲ ಗುಳುಗುಳು ಎಂದು ಇಳಿದುಹೋಯಿತು. ಆಮೇಲೆ ಮುಚ್ಚಳ ಮತ್ತೆ ಮುಚ್ಚಿಸಿದೆ, ಒಂದು ತೊಟ್ಟೂ ಇಲ್ಲ. ಗೋಡೆ ಒಣಗಿ ಹಪ್ಪಳದ ಹಾಗಾಗಿದೆ. ರೋಗಿಗಳು ವಾಪಸ್ ಬಂದು ಮಲಗಿದ್ದಾರೆ. ಮತ್ತೆ ನೀನು ನೀರು ನೀರು ಎಂದು ಬೊಬ್ಬೆ ಹಾಕಿದ್ದು ಎಲ್ಲಿಯ ನೀರು? ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ತಮಾಷೆಗೆ ಹೇಳಿದೆ, ಮುಖ ಊದಿಸಿಕೊಳ್ಳಬೇಡ. ಮುಖ ಊದಿಸಿಕೊಳ್ಳಲು ಇಲ್ಲಿ ಕುಳ್ಳರೇ ಇದ್ದಾರೆ. ಯಾಕೋ ಈ ವರ್ಷ ಎಲ್ಲರಿಗೂ ಸಿಡುಕು, ಕೆಲಸಕ್ಕೆ ಏಳುವುದಿಲ್ಲ, ಒಬ್ಬರಿಗೊಬ್ಬರು ಗುದ್ದಾಡುತ್ತಾರೆ. ಕಾರಣ ಹುಡುಕಿ ಹುಡುಕಿ ಸೋತೆ.

ನಿನ್ನ ಗಂಡ, ಅಲ್ಲ, ನನ್ನ ಮಗ (ಹೊಡೆದುಹಾಕಿದರೂ ಕಾಣುತ್ತಿದೆ, ಇರಲಿ) ಈಗೀಗ ಕೆಲಸದಿಂದ ಬೇಗ ಬರುತ್ತಾನೆ. ಬಂದವನು ಮಾತಾಡುವುದಿಲ್ಲ, ಮನೆಯಲ್ಲೆಲ್ಲ ನನ್ನ ಹಿಂದೆ ಹಿಂದೆ ಓಡಾಡುತ್ತಾನೆ. ಹೋದ ವಾರ ಪ್ಲಂಬರನ್ನು ಕರೆಸಿ ಅಡುಗೆಮನೆಯ ನಲ್ಲಿ ಬದಲಾಯಿಸಿದ. ಒತ್ತಿ ಬಿಟ್ಟರೆ ತಾನಾಗಿ ನಿಲ್ಲುವ ನಲ್ಲಿಯಂತೆ. ಹಳೆಯ ನಲ್ಲಿಗೆ ಏನೂ ಆಗಿರಲಿಲ್ಲ.

ಒಂದು ಮಾತು ಕೇಳುತ್ತೇನೆ. ನೀನು ಇಲ್ಲಿದ್ದಾಗ ನಾನು ಏನಾದರೂ ಮರೆಯುತ್ತಿದ್ದೆನೇ? ಸುಮ್ಮನೆ ಕೇಳಿದೆ.

ಇಂತಿ,
ಅತ್ತೆ


ಆಗಸ್ಟ್ 22

ನಿಮಗೆ,

ನಿಮಗೆ ಮರೆವೇ? ಮದುವೆಯಾದ ಹೊಸದರಲ್ಲಿ ನಾನು ಒಡೆದ ಕಪ್ಪಿನ ಬಣ್ಣ ಯಾವುದೆಂದು ನೀವು ಈಗಲೂ ಹೇಳುತ್ತೀರಿ. ಆ ಪ್ರಶ್ನೆ ಅಲ್ಲಿಗೆ ಬಿಡಿ.

ನನಗೆ ಅರ್ಥವಾಗದಿರುವುದು ಬೇರೆ. ತೂತಿನ ಮುಚ್ಚಳ ತೆಗೆಸಿದೆ ಎಂದು ಬರೆದಿದ್ದೀರಿ. ಅದನ್ನು ನಾನು ತೆರೆದೇ ಇಟ್ಟು ಕಳಿಸಿದ್ದೆ. ತೆರೆದದ್ದನ್ನು ಮತ್ತೆ ತೆಗೆಸುವುದು ಹೇಗೆ?

ಈ ಸಲವೂ ಅದೇ ಕಥೆ. ಆಟದ ವಸಂತದಲ್ಲಿ ಎಲ್ಲ ಒಣಗಿತ್ತು. ನಿಮ್ಮ ಮಾತು ಕೇಳಿ ನನಗೇ ನಾಚಿಕೆಯಾಗಿ, ಸುಮ್ಮನೆ ಇದ್ದೆ. ಆಮೇಲೆ ಮೂಲೆಯಲ್ಲಿ ಒಂದು ಕಲ್ಲು ಜಿನುಗಿತು. ಎಲ್ಲಿ ಹೆಚ್ಚಾಗುತ್ತದೋ ಎಂದು ಮುಂಚೆಯೇ ತೂತಿನ ಹಿಡಿಕೆ ಎಳೆಸಿದೆ. ಮತ್ತೆ ನೀರು. ಈ ಸಲ ಆಸ್ಪತ್ರೆ ತುಂಬಿ, ಮೆಟ್ಟಿಲು ಇಳಿದು, ಕಮ್ಮಾರಸಾಲೆಗೆ ನುಗ್ಗಿತು. ಗೋಡೆ ಕಟ್ಟಿಸಿದಲ್ಲೆಲ್ಲ ಇನ್ನೊಂದು ಕಡೆಯಿಂದ ಬಂತು. ನೆಲ ಅಗೆಸಿ ನೋಡಿದೆ, ಬರೀ ಕಲ್ಲು. ನೀರಿನ ಹಿಡಿಕೆ ಮುಚ್ಚಿಯೇ ಇತ್ತು. ಮಲಗುವ ಕೋಣೆಗಳು ಹೋದವು. ಅರ್ಧಕ್ಕರ್ಧ ಜನ ಹೋದರು. ಪರದೆಯನ್ನು ನೋಡುತ್ತಾ ಕೂತವಳು ಲ್ಯಾಬಿಗೆ ಹೋಗುವುದನ್ನೂ ಬಿಟ್ಟೆ.

ನೇರವಾಗಿ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ತಿಳಿದರೂ ಪರವಾಗಿಲ್ಲ. ನೀವು ಬೇಕೆಂದೇ ಏನಾದರೂ ಮಾಡುತ್ತಿದ್ದೀರಾ? ನಿಮ್ಮ ವರ್ಷ ಒಣ, ನನ್ನ ವರ್ಷ ಪ್ರವಾಹ. ಒಮ್ಮೆಯಾದರೆ ಸರಿ, ಎರಡು ಸಲವೂ? ನಾನು ಬಿಟ್ಟು ಬಂದದ್ದಕ್ಕೆ ಸಿಟ್ಟಿದ್ದರೆ ಬೈಯಿರಿ. ಆ ಮನೆಯಲ್ಲಿ ನನ್ನನ್ನು ಯಾರೂ ಬೈಯಲೇ ಇಲ್ಲ, ಅದೇ ನನಗೆ ಸಾಕಾಗಿ ಹೋಗಿತ್ತು. ಕುಳ್ಳರನ್ನು ಮುಳುಗಿಸಿ ನನಗೆ ಬುದ್ಧಿ ಹೇಳಬೇಡಿ.

ಕೋರ್ಟಿನಿಂದ ಕಾಗದ ಬಂತು. ಇಬ್ಬರೂ ಸಹಿ ಹಾಕಿದೆವು. ಇನ್ನು ಮೇಲೆ ಏನೆಂದು ಬರೆಯುವುದು ಎಂಬ ಪ್ರಶ್ನೆಯೇ ಇಲ್ಲ, ಅಲ್ಲವೇ?

ಇಂತಿ,
ನಾನು


ಸೆಪ್ಟೆಂಬರ್ 30

ಹಲ್ಲಮ್ಮ,

ನಿನ್ನ ಪತ್ರ ಬಂದು ತಿಂಗಳಾಯಿತು. ಉತ್ತರ ಬರೆಯದೆ ಕೂತದ್ದು ಸಿಟ್ಟಿಗಲ್ಲ. ಬರೆಯಲು ಕೂತರೆ ಕೈ ಬರುತ್ತಿರಲಿಲ್ಲ.

ನಾನು ಬೇಕೆಂದು ಏನನ್ನೂ ಮಾಡಿಲ್ಲ ಕಣೇ. ತಿಳಿಯದೆ ಮಾಡಿದ್ದೇನೆ, ಅದು ಇನ್ನೂ ಕೆಟ್ಟದ್ದು.

ಹೋದ ಸಲ ನಿನ್ನಿಂದ ಕೋಟೆ ಬಂದಾಗ ನೋಡುತ್ತೇನೆ, ಮೇಲೆ ಹೊಳೆಯ ತೂಬು ಹಾರುಹೊಡೆದುಕೊಂಡಿದೆ. ನಾನು ಮುಚ್ಚಿದ್ದೆ ಎಂದು ನನ್ನ ನೆನಪು. ಇರಲಿ, ಮರೆತಿರಬಹುದು ಎಂದು ಮುಚ್ಚಿದೆ. ನಿನಗೆ ಬರೆಯಲಿಲ್ಲ, ನಾಚಿಕೆಯಾಯಿತು. ವರ್ಷ ಮುಗಿಸಿ ಏಳುವಾಗ ಈ ಸಲ ಮರೆಯಬಾರದು ಎಂದು ಎಲ್ಲ ಹಿಡಿಕೆ ನೋಡಿದೆ. ಎಕ್ಸ್‌ಚೇಂಜಿನಲ್ಲಿ ಪಾಳಿ ಮುಗಿಸುವಾಗ ಹಾಗೆಯೇ ಮಾಡುತ್ತಿದ್ದೆ, ಒಂದೊಂದೇ ತಂತಿ ಕಿತ್ತು ಏಳುವುದು. ಹೊಳೆಯ ತೂಬು ಮುಚ್ಚಿದೆ ಎಂದು ಬಾಯಿಬಿಟ್ಟು ಹೇಳಿಯೂ ಹೇಳಿದೆ. ಬಾಗಿಲಲ್ಲಿ ನಿಂತಿದ್ದ ಮಗ "ಯಾರ್ ಜೊತೆ ಮಾತಾಡ್ತಿದೀಯಮ್ಮ" ಎಂದು ಕಾಗದದ ಮೇಲೆ ಬರೆದು ತೋರಿಸಿದ.

ಈಗ ನೀನು ಕಳಿಸಿದ ಕೋಟೆ ತೆರೆದರೆ, ತೂಬು ಮತ್ತೆ ತೆರೆದಿದೆ. ನೀನು ಮುಟ್ಟಿದ್ದನ್ನೆಲ್ಲ ಒಂದೂ ಬಿಡದೆ ಬರೆಯುವವಳು. ಹೊಳೆಯ ತೂಬು ಮುಟ್ಟಿದೆ ಎಂದು ನಿನ್ನ ಎರಡು ಪತ್ರದಲ್ಲೂ ಇಲ್ಲ. ನೀನು ಸುಳ್ಳು ಹೇಳುವವಳಲ್ಲ. ತೂತಿನ ಮುಚ್ಚಳವೂ ತೆರೆದೇ ಇತ್ತು ಎನ್ನುತ್ತೀಯ. ನನ್ನ ಕಣ್ಣಿಗೆ ಅದು ಮುಚ್ಚಿತ್ತು. ಹಾಗಾದರೆ ಉಳಿದದ್ದೇನು? ನಾನು ಮುಚ್ಚಿದ್ದೇನೆ ಎಂದುಕೊಂಡು ತೆರೆದಿದ್ದೇನೆ, ತೆರೆದದ್ದನ್ನು ಮುಚ್ಚಿದೆ ಎಂದು ಕಂಡಿದ್ದೇನೆ. ಅಕ್ಕಸಾಲಿಯನ್ನೂ ಮಿಕ್ಕವರನ್ನೂ ಮುಳುಗಿಸಿದವಳು ನಾನೇ.

ಹೆದರಿಕೆಯಾಗುತ್ತಿದೆ. ಒಬ್ಬರ ತಂತಿಯನ್ನು ಇನ್ನೊಬ್ಬರಿಗೆ ಚುಚ್ಚಿ, ಚುಚ್ಚಿದ್ದೇ ತಿಳಿಯದೆ ಕೂತ ಆಪರೇಟರು ನಾನಾದೆನೇ? ಕಿವಿ ಹೋದಾಗ ನಾನು ಇಷ್ಟು ಹೆದರಿರಲಿಲ್ಲ. ಕಿವಿ ಹೋದದ್ದು ನನಗೆ ಗೊತ್ತಾಗಿತ್ತು. ಇದು ಹೋದರೆ ಹೋದದ್ದೂ ಗೊತ್ತಾಗುವುದಿಲ್ಲವಲ್ಲ.

ನವೆಂಬರ್ ಹದಿನೆಂಟಕ್ಕೆ ತಲೆಯ ಡಾಕ್ಟರ ಹತ್ತಿರ ತೋರಿಸಲು ಮಗ ದಿನ ಗೊತ್ತು ಮಾಡಿದ್ದಾನೆ. ಸುಮ್ಮನೆ ಒಂದು ಸಲ ತೋರಿಸಿಕೊಂಡು ಬರೋಣ ಎನ್ನುತ್ತಾನೆ. ಯಾಕೆ ಎಂದರೆ ಹೇಳುವುದಿಲ್ಲ, ನನ್ನ ಭುಜ ತಟ್ಟಿ ಹೋಗುತ್ತಾನೆ.

ತೂಬು ಮುಚ್ಚಿ, ಬೇರೇನೂ ಮುಟ್ಟದೆ ಕೋಟೆಯನ್ನು ವಾಪಸ್ ಕಳಿಸಿದ್ದೇನೆ. ನನ್ನ ಸರದಿಯನ್ನೂ ನೀನೇ ಆಡು. ನನ್ನ ಕೈಗೆ ಇನ್ನು ಯಾರ ಜೀವವನ್ನೂ ಕೊಡಬೇಡ.

ಇಂತಿ,
ಯಾರೆಂದು ನೀನೇ ತುಂಬಿಕೋ


ಅಕ್ಟೋಬರ್ 8

ಅತ್ತೆ,

ಇವತ್ತು ಜಾಗ ಬಿಡಲು ಪುರುಸೊತ್ತಿಲ್ಲ. ಅಂಚೆ ಪೆಟ್ಟಿಗೆ ತೆರೆಯುವುದರೊಳಗೆ ಇದನ್ನು ಹಾಕಬೇಕು.

ನಿಮ್ಮ ಪತ್ರ ಓದಿದ ಮೇಲೆ ಹೊಳೆಯ ತೂಬಿನ ಹಿಡಿಕೆ ಯಾವುದು ಎಂದು ಹುಡುಕಿದೆ. ಇಷ್ಟು ದಿನ ಅದು ಎನ್‌ನಿಂದ ಶುರುವಾಗುವ ನೀರಿನ ಹಿಡಿಕೆಯೇ ಎಂದುಕೊಂಡಿದ್ದೆ. ಅದನ್ನು ಎಳೆಸಿ ನೋಡಿದರೆ ಆಸ್ಪತ್ರೆಯ ತೊಟ್ಟಿಯ ನಲ್ಲಿ ತೆರೆಯಿತು, ಅಷ್ಟೇ. ತೂಬು ಅಲ್ಲಾಡಲಿಲ್ಲ. ಹಾಗಾದರೆ ಹೊಳೆಯ ಹಿಡಿಕೆ ಎಲ್ಲಿ? ಸಾಲಿನಲ್ಲಿರುವ ಒಂದೊಂದು ಹೆಸರನ್ನೂ ಬಾಯಿಬಿಟ್ಟು ಓದುತ್ತಾ ಹೋದೆ. ಮೂರನೆಯದು ಎಚ್, ಓ, ಎಲ್, ಇ. ಎರಡೂ ವರ್ಷ ನಾನು ಎಳೆಸಿದ್ದು ಅದನ್ನೇ. ಅದನ್ನು ನಾನು ಹೋಲ್ ಎಂದು ಓದಿದ್ದೆ ಅತ್ತೆ. ಇಂಗ್ಲಿಷ್ ಹೋಲ್. ತೂತು.

ನೀವು ಬರೆದದ್ದು ಹೊಳೆ.

ಆಟದಲ್ಲಿ ಒಂದು ಸಲಕ್ಕೆ ಒಂದೇ ಅಂತಸ್ತು ಕಾಣುತ್ತದಲ್ಲ. ನಾನು ಕೆಳಗೆ ಆಸ್ಪತ್ರೆಯನ್ನೇ ನೋಡುತ್ತಾ ಹಿಡಿಕೆ ಎಳೆಸುತ್ತಿದ್ದೆ. ಐದು ಅಂತಸ್ತು ಮೇಲೆ ತೂಬು ತೆರೆದು ಇಡೀ ಹೊಳೆ ಒಳಗೆ ಬರುತ್ತಿತ್ತು. ಇವತ್ತು ಮೇಲಿನ ಅಂತಸ್ತಿಗೆ ಹೋಗಿ ನಿಂತು ಎಳೆಸಿ ನೋಡಿದೆ. ಕಣ್ಣೆದುರೇ ತೆರೆಯಿತು. ಇನ್ನೊಮ್ಮೆ ಎಳೆಸಿದೆ, ಮುಚ್ಚಿತು. ನನ್ನ ಕೋಣೆಯಲ್ಲಿ ನಾನೊಬ್ಬಳೇ ಕಿರುಚಿದೆ, ಕೆಳಗಿನ ಪ್ರೆಸ್ಸಿನವರು ಮೇಲೆ ಬಂದು ಬಾಗಿಲು ಬಡಿದರು.

ನಿಜವಾದ ತೂತಿನ ಹಿಡಿಕೆ ಅದರ ಪಕ್ಕದ್ದೇ. ಟಿ, ಯು, ಟಿ, ಯು. ಅದನ್ನು ನಾನು ತುತ್ತು ಎಂದು ಓದಿ, ಊಟದ ಮನೆಯ ಬಾಗಿಲಿನದು ಎಂದುಕೊಂಡು ಒಮ್ಮೆಯೂ ಮುಟ್ಟಲಿಲ್ಲ. ಅದಕ್ಕೇ ನಿಮಗೆ ಮುಚ್ಚಳ ಮುಚ್ಚಿ ಕಂಡದ್ದು. ಅದು ಮುಚ್ಚಿಯೇ ಇತ್ತು, ನೀರಿನಡಿ ನನಗೆ ಕಾಣಲಿಲ್ಲ.

ಗೋಡೆಯ ಜಿನುಗು ಒಂದು ಬಟ್ಟೆಯಲ್ಲಿ ಒರೆಸಿ ಹೋಗುವಷ್ಟು. ನಾನು ಮಾಡಿದ ಮದ್ದೇ ಪ್ರವಾಹವಾಯಿತು. ಪ್ರತಿ ಸಲ ನೀವು ಮುಚ್ಚಿದ್ದೀರಿ, ಪ್ರತಿ ಸಲ ನಾನು ತೆರೆದಿದ್ದೇನೆ. ನಿಮ್ಮ ತಲೆಗೆ ಏನೂ ಆಗಿಲ್ಲ. ನಿಮ್ಮನ್ನು ಅನುಮಾನಿಸಿ ಆ ಪತ್ರ ಬರೆದೆನಲ್ಲ, ಅದಕ್ಕೆ ನಿಮ್ಮ ಕೈಯಲ್ಲಿ ನಾಲ್ಕು ಏಟು ತಿನ್ನಬೇಕು ಅನ್ನಿಸುತ್ತಿದೆ. ಡಾಕ್ಟರು ಬೇಡ ಎಂದು ನಿಮ್ಮ ಮಗನಿಗೆ ಹೇಳಿಬಿಡಿ.

ಇಂತಿ,
ಹಲ್ಲಮ್ಮ


ಅಕ್ಟೋಬರ್ 20

ಹಲ್ಲಮ್ಮನಿಗೆ,

ನಿನ್ನ ಪತ್ರ ಓದಿ ನಾನು ಅತ್ತೆ. ಈ ಮಾತನ್ನು ನೀನು ಹೇಗೆ ಬೇಕಾದರೂ ಓದಿಕೋ, ಎರಡು ರೀತಿಯಲ್ಲಿ ಓದಿದರೂ ನಿಜ. ಕೋರ್ಟಿನವರು ಏನು ಸಹಿ ಹಾಕಿಸಿಕೊಂಡರೂ ಅತ್ತೆ ಎಂಬ ಹೆಸರನ್ನು ಬಿಡುವವಳು ನಾನಲ್ಲ. ಆ ಕಾಗದದಲ್ಲಿ ನಿಮ್ಮಿಬ್ಬರ ಹೆಸರಿದೆ, ನನ್ನದಿಲ್ಲ.

ಅತ್ತ ಮೇಲೆ ನಕ್ಕೆ. ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿತು. ಹೊಳೆಯನ್ನು ತೂತು ಮಾಡಿದಳು, ತೂತನ್ನು ತುತ್ತು ಮಾಡಿ ನುಂಗಿದಳು. ಮನೆಗೆ ಓದು ಬಂದ ಸೊಸೆ ತಂದೆ ಎಂದು ಎಷ್ಟು ಜಂಬಪಟ್ಟಿದ್ದೆ. ಈಗ ನನಗೂ ಒಂದು ಹೊಳೆಯಿತು. ಕೆ, ಎ, ಎಲ್, ಎಲ್, ಯು ಎಂದು ಬರೆದ ಕೋಣೆಯಿಂದ ಪೀಪಾಯಿ ಹೊರಗೆ ಹಾಕಿಸಿ ಕಲ್ಲು ತುಂಬಿಸಿದೆಯಲ್ಲ? ಅದು ಕಲ್ಲಲ್ಲ, ಕಳ್ಳು. ಪಾಪ, ಒಂದು ವರ್ಷ ಕುಡಿಯಲು ಏನೂ ಇಲ್ಲದೆ ಕುಳ್ಳರು ಒಬ್ಬರಿಗೊಬ್ಬರು ಗುದ್ದಾಡಿದ್ದು ಅದಕ್ಕೆ.

ಇಷ್ಟು ನಕ್ಕ ಮೇಲೆ ಹೇಳಬೇಕಾದದ್ದು ಒಂದಿದೆ. ಹೇಳದೆ ಬಿಡಬಹುದಿತ್ತು. ಡಾಕ್ಟರು ಬೇಡ ಎಂದು ನೀನೇ ಬರೆದಿದ್ದೀಯ, ಆ ಪತ್ರವನ್ನು ಮಗನಿಗೆ ತೋರಿಸಿದ್ದರೆ ಮುಗಿಯುತ್ತಿತ್ತು.

ಹಿಡಿಕೆ ನಿನ್ನದು. ನಲ್ಲಿ ನನ್ನದೇ.

ಅಡುಗೆಮನೆಯ ನಲ್ಲಿ ತಿರುಗಿಸಿಟ್ಟು ನಾನು ಹೊರಗೆ ಹೋಗಿಬಿಟ್ಟಿದ್ದೆ. ಒಮ್ಮೆಯಲ್ಲ. ಒಂದು ಸಲ ನೀರು ನಡುಮನೆ ದಾಟಿ ನನ್ನ ಹಾಸಿಗೆಯವರೆಗೂ ಬಂದಿತ್ತು. ಬಾಗಿಲು ತೆಗೆದು ನೋಡಿದರೆ ಮಗ ಪ್ಯಾಂಟು ಮಡಚಿಕೊಂಡು ನೆಲ ಒರೆಸುತ್ತಿದ್ದಾನೆ. ಪೈಪು ಒಡೆದಿತ್ತು ಎಂದ. ಪೈಪು ಒಡೆದಿರಲಿಲ್ಲ. ಇನ್ನೊಂದು ದಿನ ಬಸ್ಸಿನಿಂದ ಇಳಿದೆ. ನಮ್ಮ ರಸ್ತೆಯೇ. ಔಷಧದ ಅಂಗಡಿ, ಟೈಲರ್ ಅಂಗಡಿ, ಎಲ್ಲದರ ಹೆಸರೂ ಗೊತ್ತು. ಮನೆಗೆ ಎಡಕ್ಕೋ ಬಲಕ್ಕೋ ಎಂಬುದು ಮಾತ್ರ ಬರಲಿಲ್ಲ. ಯಾರನ್ನೋ ಕಾಯುತ್ತಿರುವವಳ ಹಾಗೆ ನಟಿಸುತ್ತಾ ಅಲ್ಲೇ ನಿಂತಿದ್ದೆ. ಟೈಲರು ನೋಡಿ ಮಗನಿಗೆ ಫೋನ್ ಮಾಡಿದ. ಮಗ ಬಂದು, ಈ ಕಡೆ ಏನೋ ಕೆಲಸವಿತ್ತು ಎಂದು ಹೇಳಿ ಜೊತೆಗೆ ನಡೆದ.

ಅವನು ಒಳ್ಳೆಯವನು, ಅದೇ ತೊಂದರೆ. ನನ್ನ ಹಿಂದೆ ಬಂದು ಎಲ್ಲ ಮುಚ್ಚುತ್ತಾನೆ, ನನಗೊಂದು ಮಾತು ಹೇಳುವುದಿಲ್ಲ. ನೀನು ಆ ಮನೆಯಲ್ಲಿ ಏನನ್ನು ತಾಳಲಾರದೆ ಹೋದೆ ಎಂದು ನಾನು ಇಷ್ಟು ದಿನ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. ಸ್ವಲ್ಪ ಅರ್ಥವಾಯಿತು.

ನನಗೆ ಈಗ ಒಬ್ಬ ಬಾಯಿಬಡುಕಿ ಬೇಕು. ನೀನು ನನ್ನ ಮೇಲೆ ಅನುಮಾನಪಟ್ಟೆ, ಅದನ್ನು ಮುಖಕ್ಕೆ ಹೇಳಿದೆ. ತಪ್ಪು ನಿನ್ನದು ಎಂದು ತಿಳಿದಾಗ ಅದನ್ನೂ ಹೇಳಿದೆ. ಡಾಕ್ಟರ ಹತ್ತಿರ ಹೋಗುತ್ತೇನೆ. ಆದರೆ ಅವರು ಏನು ಹೇಳಿದರೂ ಮಗ ಅದಕ್ಕೆ ಸಕ್ಕರೆ ಹಚ್ಚಿ ನನಗೆ ಕೊಡುತ್ತಾನೆ. ಆದ್ದರಿಂದ ನಿನ್ನನ್ನು ಕೇಳುತ್ತೇನೆ. ನಾನು ಎಲ್ಲಿಯಾದರೂ ತಪ್ಪಿದರೆ, ನಿನ್ನ ಕಣ್ಣಿಗೆ ಬಿದ್ದರೆ, ಹೇಳು. ನಯವಾಗಿ ಹೇಳಬೇಡ, ನನಗೆ ಕೇಳಿಸುವುದಿಲ್ಲ. ಗಟ್ಟಿಯಾಗಿ ಹೇಳು.

ಇಂತಿ,
ಅತ್ತೆ


ನವೆಂಬರ್ 3

ಅತ್ತೆ,

ಗಟ್ಟಿಯಾಗಿ ಹೇಳು ಎಂದಿದ್ದೀರಿ. ಹೇಳುತ್ತಿದ್ದೇನೆ.

ನಿಮ್ಮ ಪತ್ರ ನನಗೆ ಎರಡು ಬಂದಿವೆ. ಒಂದು ಇಪ್ಪತ್ತನೇ ತಾರೀಖಿನದು, ಇನ್ನೊಂದು ಇಪ್ಪತ್ತಾರರದು. ಎರಡರಲ್ಲೂ ಇರುವುದು ಅದೇ. ನಾನು ಅತ್ತೆ ಎಂಬ ಮಾತು, ಕಳ್ಳಿನ ಕೋಣೆ, ನಲ್ಲಿ, ಬಸ್ಸು, ಟೈಲರು. ಮೊದಲನೆಯದನ್ನು ಬರೆದು ಅಂಚೆಗೆ ಹಾಕಿದ್ದು ನಿಮಗೆ ನೆನಪಿಲ್ಲ ಎಂದು ಕಾಣುತ್ತದೆ. ಎರಡನೆಯದು "ಇಷ್ಟು ದಿನ ಉತ್ತರ ಬರೆಯದೆ ಕೂತೆ, ಕ್ಷಮಿಸು" ಎಂದು ಶುರುವಾಗುತ್ತದೆ. ಎರಡರ ಕೊನೆಯಲ್ಲೂ ತಪ್ಪಿದರೆ ಹೇಳು ಎಂದಿದೆ.

ಇದನ್ನು ಬರೆಯುವ ಮುಂಚೆ ಇನ್ನೊಂದು ಪತ್ರ ಬರೆದಿದ್ದೆ. ಅದರಲ್ಲಿ ನಿಮ್ಮ ಪತ್ರ ತಲುಪಿತು ಎಂದಷ್ಟೇ ಇತ್ತು. ಓದಿ ನೋಡಿದರೆ ಅದು ನಿಮ್ಮ ಮಗ ಬರೆದ ಹಾಗಿತ್ತು. ಹರಿದುಹಾಕಿದೆ. ಆಗ ಮಾತ್ರ ಅವರ ಮೇಲೆ ನನಗೆ ಮೊದಲ ಸಲ ಅಯ್ಯೋ ಅನ್ನಿಸಿತು. ಬಾಯಿಬಿಟ್ಟು ಹೇಳುವುದು ಇಷ್ಟು ಕಷ್ಟ ಎಂದು ನನಗೂ ಗೊತ್ತಿರಲಿಲ್ಲ.

ಡಾಕ್ಟರು ಬೇಡ ಎಂದು ಬರೆದಿದ್ದೆನಲ್ಲ, ಅದು ತಪ್ಪು. ಹೋಗಬೇಕು. ಹದಿನೆಂಟಕ್ಕೆ ನಾನೂ ಬರುತ್ತೇನೆ, ಹದಿನೇಳರ ಸಂಜೆಯೇ ಬರುತ್ತೇನೆ. ಆ ಮೆಟ್ಟಿಲು ಮತ್ತೆ ಹತ್ತುವುದಿಲ್ಲ ಎಂದುಕೊಂಡಿದ್ದೆ, ಇರಲಿ. ನಿಮ್ಮ ಮಗನಿಗೆ ತಿಳಿಸಿದೆ. ಬಾ ಎಂದು ಒಂದೇ ಅಕ್ಷರ ಉತ್ತರ ಬಂತು. ಡಾಕ್ಟರು ಹೇಳಿದ್ದನ್ನೆಲ್ಲ ನಿಮ್ಮ ಎದುರಿಗೇ ಕೂತು ದೊಡ್ಡ ಅಕ್ಷರದಲ್ಲಿ ಬರೆದು ತೋರಿಸುತ್ತೇನೆ, ಒಂದು ಪದವನ್ನೂ ಬಿಡುವುದಿಲ್ಲ. ಒಳ್ಳೆಯದಿದ್ದರೂ ಅಷ್ಟೇ, ಕೆಟ್ಟದ್ದಿದ್ದರೂ ಅಷ್ಟೇ.

ಉಳಿದ ಕುಳ್ಳರು ಮೇಲಿನ ಅಂತಸ್ತಿನಲ್ಲಿದ್ದಾರೆ. ಕೋಟೆಯನ್ನು ತರುತ್ತೇನೆ. ಇನ್ನು ಮೇಲೆ ನನ್ನ ವರ್ಷ, ನಿಮ್ಮ ವರ್ಷ ಎಂದು ಬೇಡ, ಒಟ್ಟಿಗೆ ಕೂರೋಣ.

ಎರಡನೆಯ ಪತ್ರವನ್ನೂ ಪೂರ್ತಿ ಓದಿದೆ. ನಕ್ಕ ಜಾಗದಲ್ಲಿ ಮತ್ತೆ ನಕ್ಕೆ, ಬಸ್ಸಿನ ಜಾಗದಲ್ಲಿ ಮತ್ತೆ ನಿಂತೆ. ಮೂರನೆಯದು ಬಂದರೆ ಅದನ್ನೂ ಓದುತ್ತೇನೆ. ಮೂರನೆಯದು ಬಂತು ಎಂದೂ ಹೇಳುತ್ತೇನೆ.

ಇಂತಿ,
ನಿಮ್ಮ ಸೊಸೆ